ಒಂದು ನಿಮಿಷದ ನೀರು

"ಗೆರಿ ದಾಟಿದಿ ಅಂದ್ರ ಕಾಲು ಮುರೀತೀನಿ. ಬಾಯಿ ತೆಗದಿ ಅಂದ್ರ ಹಲ್ಲು ಉದುರಸ್ತೀನಿ. ತಿಳೀತಿಲ್ಲ ಬೋಸುಡಿ?"

ಲಿಂಗಸುಗೂರಿನ ಮೈದಾನದ ಸುಣ್ಣದ ಗೆರೆಯನ್ನು ಬೂಟಿನ ತುದಿಯಿಂದ ತೋರಿಸುತ್ತ ಬಸವಂತರಾಯ ಇದನ್ನು ನಗುನಗುತ್ತಲೇ ಹೇಳಿದ. ದೂರದಿಂದ ನೋಡಿದವರಿಗೆ ಅವನು ಏನೋ ಕೆಲಸ ಹೇಳುತ್ತಿದ್ದಾನೆ ಅನ್ನಿಸಬೇಕು. ಯಮನಮ್ಮ ತಲೆಯಾಡಿಸಿ, ಹುಡುಗಿಯರ ಚಪ್ಪಲಿ, ಚೀಲಗಳನ್ನೆಲ್ಲ ಬಾಚಿಕೊಂಡು ಗೆರೆಯಾಚೆಯ ಬೇವಿನ ಮರದ ಬುಡಕ್ಕೆ ಹೋಗಿ ಕೂತಳು. ಗೆರೆಯ ಒಳಗೆ ಎರಡು ಕುರ್ಚಿ ಹಾಕಿದ್ದರು. ತರಬೇತುದಾರನ ಕುರ್ಚಿಯಲ್ಲಿ ಬಸವಂತರಾಯ ಕೂತ. ಸಹಾಯಕ ತರಬೇತುದಾರಳ ಕುರ್ಚಿಯಲ್ಲಿ ಅವನ ಕೋಟು ಕೂತಿತು.

ಸಿಂಧನೂರಿನ ಕಾಲೇಜಿನ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಲು ಹಿಡಿದು ಯಮನಮ್ಮನಿಗೆ ಇದು ಏಳನೆಯ ವರ್ಷ. ವಿಶ್ವವಿದ್ಯಾಲಯಕ್ಕೆ ಹೋಗುವ ಕಾಗದದಲ್ಲಿ ಅವಳು ಸಹಾಯಕ ತರಬೇತುದಾರಳು, ಯಾಕೆಂದರೆ ಹೆಣ್ಣುಮಕ್ಕಳ ತಂಡದ ಜೊತೆ ಒಬ್ಬ ಹೆಣ್ಣುಮಗಳು ಇರಲೇಬೇಕೆಂಬ ಕಾಯಿದೆ ಇತ್ತು. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಮಾತ್ರ ಕಸ ಗುಡಿಸುವವಳು. ಬೆಳಗ್ಗೆ ಐದೂವರೆಗೆ ಅಂಗಳ ಗುಡಿಸಿ, ಆರಕ್ಕೆ ಅದೇ ಅಂಗಳದಲ್ಲಿ ಆಟ ಕಲಿಸಿ, ಎಂಟಕ್ಕೆ ಮತ್ತೆ ಪೊರಕೆ ಹಿಡಿಯುವಳು. ಬಸವಂತರಾಯನಿಗೆ ಕುಸ್ತಿ ಗೊತ್ತಿತ್ತು. ಚೆಂಡು ಬುಟ್ಟಿಯೊಳಗೆ ಬಿದ್ದರೆ ಒಳ್ಳೆಯದು ಎಂಬುದೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ದರ್ದು ಅವನಿಗಿರಲಿಲ್ಲ. ಕಾಲೇಜಿನ ಅಧ್ಯಕ್ಷರಾದ ಅಮರಗುಂಡಪ್ಪನವರು ಅವನ ಅಕ್ಕನ ಗಂಡ.

ಯಮನಮ್ಮ ಆಟ ಕಲಿತದ್ದು ಕಾಲುವೆ ಕ್ಯಾಂಪಿನಲ್ಲಿ. ದಢೇಸುಗೂರಿನ ಊರಾಚೆಯ ಕೇರಿಯಿಂದ ಅವಳಪ್ಪ ಗದ್ದೆಪ್ಪ ಕಾಲುವೆಯ ಮಣ್ಣು ಹೊರಲು ಹೋದಾಗ, ಅಲ್ಲಿನ ಇಂಜಿನಿಯರರ ಹೆಂಡಂದಿರು ಸಂಜೆ ಹೊತ್ತು ಕಂಬ ನೆಟ್ಟು ಆಡುತ್ತಿದ್ದರು. ಮುಳ್ಳಿನೊಳಗೆ ಹೋದ ಚೆಂಡು ತಂದುಕೊಡುವುದು ಎಂಟು ವರ್ಷದ ಯಮನಮ್ಮನ ಕೆಲಸ. ಒಂದು ದಿನ ಆಟಕ್ಕೆ ಒಬ್ಬರು ಕಡಿಮೆ ಬಿದ್ದರು. ಆಮೇಲೆ ದಿನಾ ಒಬ್ಬರು ಕಡಿಮೆ ಬೀಳತೊಡಗಿದರು. ಕಾಲುವೆಗೆ ನೀರು ಬಂತು, ಕ್ಯಾಂಪು ಎದ್ದುಹೋಯಿತು, ಗದ್ದೆಪ್ಪ ಎದೆಯಲ್ಲಿ ಧೂಳು ತುಂಬಿಕೊಂಡು ಸತ್ತ. ಮಗಳಿಗೆ ಉಳಿದದ್ದು ಮೆಟ್ರಿಕ್ ಪಾಸಾದ ಒಂದು ಕಾಗದ ಮತ್ತು ಈ ಆಟ.

ಅವಳು ಕಲಿಸುವ ರೀತಿ ಬೇರೆ ಎಲ್ಲೂ ಇರಲಿಕ್ಕಿಲ್ಲ. ಎದುರಾಳಿಯನ್ನು ತಡೆಯುವಾಗ ಮೊಣಕಾಲು ಮಡಿಸಿ, ಹಿಂದೆ ತಿರುಗಿ ನೋಡದೆ, ಹಿಂದಕ್ಕೇ ಹೆಜ್ಜೆ ಇಡಬೇಕಲ್ಲ, ಅದನ್ನು ಅವಳು ಭತ್ತದ ಸಸಿ ಹಚ್ಚುವ ನಡೆಯಿಂದ ಕಲಿಸಿದಳು. ಗದ್ದೆಯ ಹೆಂಗಸರು ದಿನವಿಡೀ ಬಗ್ಗಿ ಹಿಂದಕ್ಕೇ ನಡೆಯುತ್ತಾರೆ, ಒಬ್ಬರೂ ಬೀಳುವುದಿಲ್ಲ. ಕೆಸರನ್ನೇ ತುಳಿಯದ ಗೌಡರ, ಸಾವುಕಾರರ ಮಕ್ಕಳು ಅಂಗಳದಲ್ಲಿ ಆ ನಡೆ ಕಲಿತರು. ಅವಳ ತಾಯಿ ಆದೆಮ್ಮ ಅದೇ ಹೊತ್ತಿಗೆ ಜವಳಗೇರಾದಲ್ಲಿ ಅಮರಗುಂಡಪ್ಪನವರ ಗದ್ದೆಯಲ್ಲಿ ಅದೇ ನಡೆ ನಡೆಯುತ್ತಿದ್ದಳು. ನಿಂತ ನೀರಿನಲ್ಲಿ ನಿಂತೂ ನಿಂತೂ ಮುದುಕಿಯ ಕಾಲ್ಬೆರಳ ಸಂದುಗಳು ಕೊಳೆತು ಹೋಗಿದ್ದವು. ನೌಕರಿ ಖಾಯಂ ಆದ ದಿನ ನಿನ್ನನ್ನು ಆ ಕೆಸರಿನಿಂದ ಎತ್ತುತ್ತೇನೆ ಎಂದು ಯಮನಮ್ಮ ಹೇಳುತ್ತಲೇ ಬಂದಿದ್ದಳು. ಪ್ರತಿ ಜೂನಿನಲ್ಲೂ ಅಧ್ಯಕ್ಷರು "ಬರೂ ವರ್ಷ" ಅನ್ನುವರು.

ಈ ವರ್ಷ ಸಹಾಯಕ ತರಬೇತುದಾರಳ ಹುದ್ದೆ ಮಂಜೂರಾಗಿ ಬಂದಿತ್ತು. ಯಮನಮ್ಮನ ಹೆಸರು ಟೈಪು ಮಾಡಿದ ಆರ್ಡರು ಅಮರಗುಂಡಪ್ಪನವರ ಅಂಗಿಯ ಕಿಸೆಯಲ್ಲೇ ಇತ್ತು. ಸಹಿಯೊಂದು ಬಾಕಿ. ಬೆಳಗ್ಗೆ ಸಿಂಧನೂರಿನಲ್ಲಿ ಬಸ್ಸು ಹತ್ತುವಾಗ ಅವರು ಕಿಸೆ ತಟ್ಟಿ ತೋರಿಸಿದ್ದರು. ಕಪ್ಪು ಗೆದ್ದು ಬರಲಿ, ಇವಳು ತನ್ನ ಜಾಗದಲ್ಲಿ ತಾನಿರಲಿ, ಬೀಗರಾಗುವವರೂ ಆಟ ನೋಡಲು ಬರುತ್ತಾರೆ, ಅವರ ಕಣ್ಣಿಗೆ ಬೀಳದ ಹಾಗೆ ಇರಲಿ, ಅಂದಿದ್ದರು. ತುರ್ವಿಹಾಳದ ಆ ದೊಡ್ಡ ಮನೆಯವರು ಅಧ್ಯಕ್ಷರ ಮಗಳು ಸಂಗಮ್ಮನನ್ನು ಕೇಳಿದ್ದರು. ಸಂಗಮ್ಮ ತಂಡದ ನಾಯಕಿ.

ಆಟ ಮುಗಿಯಲು ಮೂರು ನಿಮಿಷ ಇದ್ದಾಗ ಸಿಂಧನೂರು ಮೂರು ಅಂಕ ಹಿಂದೆ ಬಿತ್ತು. ಎದುರಿನ ತಂಡದಲ್ಲಿ ಒಬ್ಬಳು ಎತ್ತರದವಳು. ಚೆಂಡು ಅವಳ ಕೈಗೆ ಹೋದರೆ ಬುಟ್ಟಿಗೇ ಹೋಗುತ್ತಿತ್ತು. ಅವಳು ಬಲಕ್ಕೆ ಮಾತ್ರ ತಿರುಗುತ್ತಾಳೆ ಎಂಬುದನ್ನು ಯಮನಮ್ಮ ಆಗಲೇ ಕಂಡಿದ್ದಳು. ಹೇಳುವ ಹಾಗಿಲ್ಲ. ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಕೂತಿದ್ದಳು.

ಬಸವಂತರಾಯ ಒಂದು ನಿಮಿಷದ ಬಿಡುವು ಕೇಳಿದ. ಎಂಟು ಹುಡುಗಿಯರು ಅವನ ಸುತ್ತ ಬಂದು ನಿಂತರು. "ಜೋರ್ ಆಡ್ರವಾ, ಇನ್ನೂ ಜೋರ್," ಅಂದ. ಅಷ್ಟಕ್ಕೆ ಅವನ ಬಳಿ ಇದ್ದ ಮಾತು ಮುಗಿಯಿತು.

ಸಂಗಮ್ಮ ಗೆರೆ ದಾಟಿದಳು. ಹುಡುಗಿಯರಿಗೆಂದೇ ಮಠದ ಅಡಿಗೆಯವನು ತುಂಬಿಟ್ಟ ಕೊಡ ಆ ಕಡೆ ಶಾಮಿಯಾನದಡಿ ಇತ್ತು. ಅವಳು ಅತ್ತ ಹೋಗಲಿಲ್ಲ. ನೇರ ಬೇವಿನ ಮರಕ್ಕೆ ಬಂದು, ಯಮನಮ್ಮನ ಅಲ್ಯುಮಿನಿಯಂ ತಂಬಿಗೆಯ ಮುಂದೆ ಬಗ್ಗಿ ಬೊಗಸೆ ಹಿಡಿದಳು.

"ಅಕ್ಕ, ನೀರು ಹಾಕು."

"ನಿಮ್ಮ ಕೊಡ ಅಲ್ಲೈತಿ ತಾಯಿ. ನಿಮ್ಮಪ್ಪಾರು ನೋಡಾಕತ್ತಾರ."

"ನೋಡ್ಲಿ. ಹಾಕ್ಕೋತ ಹೇಳು, ಟೈಮಿಲ್ಲ."

ಯಮನಮ್ಮ ತಂಬಿಗೆ ಬಗ್ಗಿಸಿದಳು. ನೀರು ಮೊದಲು ನೆಲಕ್ಕೆ ಬಿತ್ತು, ಆಮೇಲೆ ಬೊಗಸೆಗೆ ಬಿತ್ತು. "ಆ ಉದ್ದನ್ನಾಕಿ ಬಲಕ್ಕಷ್ಟ ತಿರುಗತಾಳ. ಬೆನ್ನು ಹತ್ತಬ್ಯಾಡ್ರಿ. ಎದುರು ನಿಂದ್ರು, ಎಡಗಾಲು ಹೊರಗಿಡು, ಸಸಿ ಹಚ್ಚಿದಂಗ ಹಿಂದಕ್ಕ ಹಿಂದಕ್ಕ ನಡಿ. ಆಕೀನ ಕಾಲು ತೊಡರಸ್ಕೊಂತಾಳ." ಸಂಗಮ್ಮನ ಹಿಂದೆ ಇನ್ನೊಬ್ಬಳು ಬಗ್ಗಿದಳು, ಅವಳ ಹಿಂದೆ ಮತ್ತೊಬ್ಬಳು. ಎಂಟೂ ಜನ ಕುಡಿದರು. ಪ್ರತಿಯೊಬ್ಬಳ ಬೊಗಸೆಗೆ ನೀರಿನ ಜೊತೆ ಒಂದೊಂದು ಮಾತು ಬಿತ್ತು. ತಂಬಿಗೆ ಖಾಲಿಯಾಗುವುದಕ್ಕೂ ಸೀಟಿ ಊದುವುದಕ್ಕೂ ಸರಿಹೋಯಿತು.

ಒಂದು ಅಂಕದಿಂದ ಸಿಂಧನೂರು ಗೆದ್ದಿತು. ಆಟ ನೋಡಲು ನೆರೆದಿದ್ದ ಊರ ಹುಡುಗರು ಸೀಟಿ ಹೊಡೆದರು, ಕೂಗಿದರು. ಶಾಮಿಯಾನದಡಿ ಕೂತಿದ್ದ ತಂದೆಯಂದಿರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ತುರ್ವಿಹಾಳದವರ ಜೀಪು ಕಪ್ಪು ಕೊಡುವ ಮೊದಲೇ ಹೊರಟುಹೋಗಿತ್ತು.

ಬಸ್ಸು ಸಿಂಧನೂರಿನ ಕಡೆ ಹೊರಟಿತು. ಮಸ್ಕಿಯಲ್ಲಿ ಅಮರಗುಂಡಪ್ಪನವರು ಒಂದು ಚಹಾದಂಗಡಿಯ ಮುಂದೆ ಬಸ್ಸು ನಿಲ್ಲಿಸಲು ಹೇಳಿದರು. ಹುಡುಗಿಯರನ್ನು ಇಳಿಸಿ ರಸ್ತೆಯಂಚಿನಲ್ಲಿ ಸಾಲಾಗಿ ನಿಲ್ಲಿಸಿದರು. ಬಸವಂತರಾಯ ಒಂದು ಚೊಂಬಿನಲ್ಲಿ ವಿಭೂತಿ ಕಲಸಿದ ನೀರು ತಂದು, ಒಬ್ಬೊಬ್ಬಳ ಕೈಗೆ ಹಾಕುತ್ತ ಹೋದ. ಬಾಯಿ ಮುಕ್ಕಳಿಸಿ ಉಗುಳಬೇಕು, ಮುಂದಿನ ಶುದ್ಧಿಯನ್ನು ಮನೆಗೆ ಹೋದ ಮೇಲೆ ಮಠದ ಅಯ್ಯನವರು ನೋಡಿಕೊಳ್ಳುತ್ತಾರೆ, ಅಂದರು ಅಧ್ಯಕ್ಷರು.

ಯಮನಮ್ಮನನ್ನು ಬಸ್ಸಿನ ಮಗ್ಗುಲಿಗೆ ಕರೆದರು. ಅವರ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ಆರ್ಡರು. ಇನ್ನೊಂದರಲ್ಲಿ, ಯಮನಮ್ಮನಾದ ನಾನೇ ಬಲವಂತದಿಂದ ಹುಡುಗಿಯರ ಬಾಯಿಗೆ ನೀರು ಹಾಕಿದೆ, ಅವರ ತಪ್ಪೇನೂ ಇಲ್ಲ, ಎಂದು ಬರೆದಿತ್ತು.

"ಇದಕ್ಕ ನೀ ಸಹಿ ಹಾಕು. ಅದಕ್ಕ ನಾ ಹಾಕ್ತೀನಿ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮಗಳ ಬಾಳೇವು ಐತಿ. ನಿನ್ನ ನೌಕರಿ ಐತಿ. ಇಬ್ಬರಿಗೂ ಚಲೋ ಆಗ್ಲಿ."

ಯಮನಮ್ಮ ಪೆನ್ನು ಇಸಿದುಕೊಂಡಳು. ಕೊಳೆತ ಬೆರಳ ಸಂದಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೂತ ಆದೆಮ್ಮ ಕಣ್ಣ ಮುಂದೆ ಬಂದಳು. ಸಹಿ ಹಾಕಿದರೆ ನಾಳೆಯಿಂದ ಕುರ್ಚಿ ತನ್ನದು, ಮುದುಕಿ ಮನೆಯಲ್ಲಿ. ಆ ಕಾಗದ ಮುಂದೆ ಪೊಲೀಸರ ಕೈಗೂ ಹೋಗಬಹುದು, ಅದೂ ಗೊತ್ತಿತ್ತು. ಅವಳು ಕಾದಳು. ನಾವೇ ಕೇಳಿದ್ವಿ ಅಂತ ಬೆನ್ನ ಹಿಂದಿನ ಸಾಲಿನಿಂದ ಒಂದು ದನಿ ಬರಬಹುದೆಂದು ಕಾದಳು. ಮುಕ್ಕಳಿಸುವ ಸಪ್ಪಳ ಬಂತು, ಉಗುಳುವ ಸಪ್ಪಳ ಬಂತು. ಬೇರೇನೂ ಬರಲಿಲ್ಲ. ತಿರುಗಿ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ.

"ಬಾಯಾರಿತ್ತು, ಕುಡದಾರ್ರೀ," ಅಂದಳು. "ಹಂಗ ಬರೀರಿ, ಸಹಿ ಹಾಕ್ತೀನಿ."

"ಏನಂದಿ?"

"ಅವರಾಗೇ ಕೇಳಿದ್ರು, ನಾ ಹಾಕೀನಿ. ಸುಳ್ಳಿಗೆ ಸಹಿ ನನ್ನ ಕೈಲಿ ಆಗಂಗಿಲ್ರೀ ಅಪ್ಪಾರ."

ಬಸವಂತರಾಯ ಕೈ ಎತ್ತಿಕೊಂಡು ಬಂದ. "ರಂಡಿ, ನಿನ್ನ..." ಅಮರಗುಂಡಪ್ಪನವರು ಅವನನ್ನು ತಡೆದರು. ಆರ್ಡರನ್ನು ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಕಿಸೆಯಲ್ಲಿ ಇಟ್ಟುಕೊಂಡರು.

"ಹರಿಯೂದ್ಯಾಕ. ಹೆಸರಷ್ಟ ಬದಲಿ ಮಾಡಿದ್ರಾತು," ಅಂದರು. "ನಿಮ್ಮವ್ವಗ ಹೇಳು, ನಾಳಿಂದ ನಮ್ಮ ಗದ್ದಿ ಕಡೆ ಬರೂದು ಬ್ಯಾಡಂತ."

ಹುಡುಗಿಯರು ತಲೆ ತಗ್ಗಿಸಿಕೊಂಡು ಬಸ್ಸು ಹತ್ತಿದರು. ಅವಳ ಚೀಲವನ್ನು ಯಾರೋ ಕಿಟಕಿಯಿಂದ ಹೊರಗೆ ಒಗೆದರು. ಬಸ್ಸು ಸಿಂಧನೂರಿನ ದಿಕ್ಕಿಗೆ ಧೂಳೆಬ್ಬಿಸಿ ಹೋಯಿತು. ಒಂದು ಕಿಟಕಿಯಲ್ಲೂ ಮುಖ ಕಾಣಲಿಲ್ಲ.

ಯಮನಮ್ಮ ಚೀಲ ಎತ್ತಿಕೊಳ್ಳಲು ಬಗ್ಗಿದಾಗ, ಹುಡುಗಿಯರು ನಿಂತಿದ್ದ ಜಾಗ ಕಂಡಿತು. ಉಗುಳಿದ ವಿಭೂತಿ ನೀರು ಧೂಳಿನಲ್ಲಿ ಸಾಲಾಗಿ ಬಿಳಿ ಬಿಳಿ ಕಲೆಯಾಗಿ ಆರುತ್ತಿತ್ತು. ಸುಮ್ಮನೆ ಎಣಿಸಿದಳು. ಏಳಿದ್ದವು. ನಿಂತವರು ಎಂಟು ಜನ. ಮತ್ತೊಮ್ಮೆ ಎಣಿಸಿದಳು, ಈ ತುದಿಯಿಂದ. ಏಳು. ಒಬ್ಬಳು ಉಗುಳಿರಲಿಲ್ಲವೇ? ಯಾರು? ಅಥವಾ ಎರಡು ಕಲೆ ಕೂಡಿಕೊಂಡು ಒಂದಾಗಿವೆಯೇ?

ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕೂತು ಮೂರನೆಯ ಸಲ ಎಣಿಸತೊಡಗಿದಳು. ನಾಲ್ಕಕ್ಕೆ ಬಂದಿದ್ದಳು. ಅಂಗಡಿಯವನು, ಗಿರಾಕಿಗಳು ಬರುವ ಹೊತ್ತು, ಅತ್ತ ಸರಿ ಅನ್ನುತ್ತ, ಕಪ್ಪು ಬಸಿ ತೊಳೆದ ಬಕೀಟಿನ ನೀರನ್ನು ಅಲ್ಲಿಗೇ ಎರಚಿದ.