ಏಳನೇ ಪೆಟ್ಟಿಗೆ

"ಮಣ್ಣು ಹೊರೋಳು ನನಗೇ ಮಣ್ಣಿನ ಪಾಠ ಹೇಳ್ತೀಯಾ? ಬಾಯಿ ಮುಚ್ಕೊಂಡು ಹೇಳಿದ್ದು ಮಾಡೇ, ಮುಂಡೇದೇ!"

ಎಂಜಿನಿಯರ್ ಏಳನೇ ಪೆಟ್ಟಿಗೆಯನ್ನು ಬೂಟುಗಾಲಿನಿಂದ ನನ್ನತ್ತ ತಳ್ಳಿದ.

ಗಾಳಿಯಿಂದ ಕರೆಂಟು ತೆಗೆಯುವ ಕಂಬಗಳಿಗೆ ನೆಲ ಪರೀಕ್ಷೆ ನಡೆದಿತ್ತು. ಯಂತ್ರ ಕೊರೆದು ಮೇಲೆತ್ತಿದ ಮಣ್ಣನ್ನೂ ಕಲ್ಲನ್ನೂ ಜಾಗಕ್ಕೊಂದರಂತೆ ಮರದ ಪೆಟ್ಟಿಗೆಗಳಲ್ಲಿ ಆಳದ ಪ್ರಕಾರ ಜೋಡಿಸುವುದು ನನ್ನ ಕೆಲಸ. ಓದು ಬಾರದ ನನಗೆ ಹೆಬ್ಬೆರಳೇ ಅಳತೆ. ಏಳನೇ ಜಾಗದ ಮಣ್ಣಿನಲ್ಲಿ ಅದು ಬುಡದವರೆಗೂ ಇಳಿದಿತ್ತು, ಹೊಸ ಬಾಣಂತಿಯ ಹೊಟ್ಟೆಯಲ್ಲಿ ಇಳಿದ ಹಾಗೆ.

"ಮೂರನೇ ಪೆಟ್ಟಿಗೆ ಕಲ್ಲು ತೆಗೆದು ಇದಕ್ಕೆ ತುಂಬು. ದೊಡ್ಡ ಸಾಹೇಬರು ಬರ್ತಿದಾರೆ."

"ಕಲ್ಲು ಅಂತ ಬರ್ಕೊಂಡ್ರೆ ಪಾಯದ ಗುಂಡಿ ಗೋಡೆಗೆ ಹಲಗೆ ಕಟ್ಟಲ್ಲ ಸಾರ್, ಮಣ್ಣು ಕುಸಿಯುತ್ತೆ. ಒಳಗೆ ಇಳಿಯೋನು ನನ್ನ ತಮ್ಮ."

"ಭೂಮಿ ಕಾದು ಕೆಂಡ ಆಗ್ತಿದೆ. ಜಗತ್ತನ್ನ ಉಳಿಸೋ ಕೆಲಸ ಇದು. ನಿನ್ನ ತಮ್ಮನಿಗೋಸ್ಕರ ನಿಲ್ಲಿಸ್ಲಾ?"

ತಮ್ಮ ಅಲ್ಲೇ ಕಂಬಿ ಬಗ್ಗಿಸುತ್ತಿದ್ದ. "ತುಂಬಿಬಿಡಕ್ಕಾ. ನಾನು ಸತ್ರೆ ಹೂಳೋ ಕೆಲಸನಾದ್ರೂ ಉಳಿಯುತ್ತೆ" ಎಂದು ನಕ್ಕ. ನನ್ನ ಮುಖ ಮಾತ್ರ ನೋಡಲಿಲ್ಲ. ಅವ್ವ ಸತ್ತಾಗ ಅವನಿಗಿನ್ನೂ ಹಲ್ಲು ಬಂದಿರಲಿಲ್ಲ. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಆ ಭಾರ ಇವತ್ತಿಗೂ ನನ್ನ ಸೊಂಟದಿಂದ ಇಳಿದಿಲ್ಲ.

ಕಲ್ಲು ತುಂಬಿದೆ. ತೆಗೆದ ಮಣ್ಣಿನ ಒಂದು ಮುದ್ದೆಯನ್ನು, ಒಣಗದಿರಲೆಂದು ದಿನವೂ ಮಾಡುವ ಹಾಗೆ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಂಡೆ.

ಸಾಹೇಬರು ಬಂದರು. ಬಿಳಿ ಅಂಗಿ, ಹೊಸ ಹೆಲ್ಮೆಟ್ಟು.

"ಏಳನೇದು ಗಟ್ಟಿ ಬಂಡೆ ಸಾರ್" ಎಂದ ಎಂಜಿನಿಯರ್.

"ವೆರಿ ಗುಡ್." ಸಾಹೇಬರು ಬರೆಯಲು ಪೆನ್ನು ತೆಗೆದರು.

ನಾನು ಅವರ ಕೈ ಹಿಡಿದುಕೊಂಡೆ. ಪೆನ್ನು ಬಿತ್ತು. ಗೋಣಿ ಬಿಚ್ಚಿದೆ.

"ಏಯ್! ಯಾರೇ ನೀನು? ಕೈ ಬಿಡು!"

"ಇದು ಏಳನೇ ಜಾಗದ ಮಣ್ಣು. ನಮ್ಮ ಹೆಬ್ಬೆಟ್ಟು ಎಷ್ಟು ಸಲ ಒತ್ತಿಸ್ಕೊಂಡಿದೀರಿ ಸಾರ್. ಇವತ್ತು ನಿಮ್ಮದು ಒತ್ತಿ."

ಒತ್ತಿಸಿದೆ. ಹೆಬ್ಬೆರಳು ಸದ್ದಿಲ್ಲದೆ ಒಳಗೆ ಹೋಯಿತು, ಬುಡದವರೆಗೆ.

ಅವರು ಕೈ ಕಿತ್ತುಕೊಂಡು ಕರವಸ್ತ್ರಕ್ಕೆ ತಡಕಾಡಿದರು. "ಹಾದರಗಿತ್ತಿ, ಇವತ್ತಿಗೆ ನಿನ್ನ ಅನ್ನ ಮುಗೀತು!" ಎಂದು ಎಂಜಿನಿಯರ್ ನನ್ನ ಜುಟ್ಟಿಗೆ ಕೈ ಹಾಕಿದ. ನಾನು ಕದಲಲಿಲ್ಲ. ಏಳನೇ ಪೆಟ್ಟಿಗೆಯನ್ನು ಮಗುಚಿ, ಕಲ್ಲನ್ನೆಲ್ಲ ಅವನ ಬೂಟಿನ ಮೇಲೆ ಸುರಿದೆ. ಸಾಹೇಬರ ಬೆರಳಿನ ಗುಳಿಯಿದ್ದ ಮುದ್ದೆಯನ್ನು ಖಾಲಿ ಪೆಟ್ಟಿಗೆಯಲ್ಲಿಟ್ಟೆ.

ತಮ್ಮ ಕಂಬಿ ಎಸೆದು ಬಂದು, ಆ ಪೆಟ್ಟಿಗೆಯ ಮುಂದೆ ಕಾಲು ಚಾಚಿ ಕೂತ.

"ಈಗ ನನ್ನ ಗುಂಡಿಗೆ ಇಳಿಸ್ರಿ ನೋಡೋಣ."