ರಾಜನ ತವರೂರು

ಭಾನುಪ್ರಿಯ ಅಕ್ಕೂರಿಗೆ ಸೊಸೆಯಾಗಿ ಬಂದ ಮೇಲೆ ಇದು ಮೊದಲ ಬೆಳೆ. ರೇಷ್ಮೆಹುಳ ಹಣ್ಣಾಗಿ ಮೈ ಹಳದಿಗೆ ತಿರುಗಿತ್ತು. ಅವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಲು ನೆರೆಹೊರೆಯ ಹೆಂಗಸರು ಸೇರಿದ್ದರು. ಆ ಹೊತ್ತಿಗೆ ಕುದುರೆರಾಜನ ಕತೆ ಆಗಬೇಕು, ಹೊಸ ಸೊಸೆ ಬಂದ ವರ್ಷ ಅವಳೇ ಹೇಳಬೇಕು. ಆ ಮನೆಯ ಪದ್ಧತಿ ಅದು.

ಯುದ್ಧದಲ್ಲಿ ಸೋತ ರಾಜ ಕುದುರೆಯೇರಿ ದೂರದೇಶದಿಂದ ಬಂದು, ಇಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟು ಉಳಿದುಬಿಟ್ಟ ಕತೆ. ಭಾನುಪ್ರಿಯಳಿಗೆ ಬಾಯಿಪಾಠವಾಗಿತ್ತು. ತೊಡಕಿದ್ದದ್ದು ದೇಶದ ಹೆಸರಿನಲ್ಲಿ. ಅತ್ತೆ ಗಂಗಲಕ್ಷ್ಮಮ್ಮ ಸೋಲೂರಿನವರು. ಅವರ ರಾಜ ಸೋಲೂರು ಸೀಮೆಯವನು. ಅವರ ಅತ್ತೆ ಕನಕಪುರದವರು; ಆಗಿನ್ನೂ ಆ ಊರು ಕಾನಕಾನಹಳ್ಳಿ, ರಾಜನೂ ಕಾನಕಾನಹಳ್ಳಿಯ ದೊರೆ. ಒಂದು ವರ್ಷ ಗಂಗಲಕ್ಷ್ಮಮ್ಮನ ಗಂಟಲು ಕಟ್ಟಿ, ಪಕ್ಕದ ಮನೆಯ ಹಾಜಿರಾ ಹೇಳಿದ್ದಳು. ಅವಳ ತವರು ಚನ್ನಪಟ್ಟಣ. ಆ ವರ್ಷ ರಾಜನ ಕುದುರೆ ಮೈತುಂಬ ಅರಗಿನ ಬಣ್ಣ ಬಳಿದುಕೊಂಡು ಮಿರಮಿರ ಮಿಂಚಿತ್ತು.

ಇತಿಹಾಸದಲ್ಲಿ ಬಿ.ಎ. ಮಾಡಿದ್ದ ಭಾನುಪ್ರಿಯ ಮೆಲ್ಲಗೆ ಕೇಳಿದ್ದಳು: "ನಿಜವಾಗ್ಲೂ ಯಾವ ದೇಶ ಅತ್ತೆ?"

"ಹೇಳೋಳು ಹುಟ್ಟಿದ್ ದೇಶ ಕಣವ್ವ," ಎಂದು ಅವರು ಸೊಪ್ಪು ಹರಡಲು ಹೋಗಿದ್ದರು.

ಅವಳು ಸಿಕ್ಕಿಬಿದ್ದದ್ದು ಅಲ್ಲೇ. ಅವಳು ಹುಟ್ಟಿದ ಬಾವಿದೊಡ್ಡಿ ಈಗ ಇರಲಿಲ್ಲ. ಬಿಡದಿಯಾಚೆ ಆ ಜಾಗದಲ್ಲಿ ಕಾರ್ಖಾನೆ ಎದ್ದಿತ್ತು, ಊರ ಹೆಸರಿನ ಬದಲು ಬಸ್ಸಿನ ಕಂಡಕ್ಟರು "ಸೆಕೆಂಡ್ ಗೇಟ್ ಯಾರ್ರೀ?" ಎಂದು ಕೂಗುತ್ತಿದ್ದ. ಅಪ್ಪ ಅಮ್ಮ ರಾಮನಗರ ಸೇರಿದ್ದರು. ಇಲ್ಲದ ಊರಿಂದ ರಾಜನನ್ನು ಹೊರಡಿಸುವುದು ಹೇಗೆ?

"ಏನಮ್ಮಿ, ನೀನು ಬಾಯ್ಬುಡೋದ್ರೊಳ್ಗೆ ಹುಳ ಗೂಡ್ ಕಟ್ಕೊಂಡು ಮಲೀಕತ್ತವೆ," ಹಾಜಿರಾ ಕಿಚಾಯಿಸಿದಳು. ಎಲ್ಲರೂ ನಕ್ಕರು.

ಭಾನುಪ್ರಿಯ ಚಂದ್ರಿಕೆಯಿಂದ ಕಣ್ಣೆತ್ತದೆ ಶುರುಮಾಡಿದಳು. "ರಾಮನಗರ ಅನ್ನೋ ದೇಶದಲ್ಲಿ ಒಬ್ಬ ರಾಜ..."

"ತಡಿ ತಡಿ," ಅತ್ತೆ ಕೈ ಅಡ್ಡ ಹಿಡಿದರು. "ರಾಮನಗರದಲ್ಲಿ ನಿಮ್ಮಪ್ಪ ಬಾಡ್ಗೆಗೆ ಅವ್ರೆ. ರಾಜನ್ನೂ ತಕ್ಕೊಂಡೋಗಿ ಬಾಡ್ಗೆಮನೇಲಿ ಮಡಗೀಯಾ?"

ನಗು ನಿಂತ ಮೇಲೆ ಅವಳ ದನಿ ಇನ್ನೂ ಸಣ್ಣಗಾಗಿತ್ತು. "ನಮ್ಮೂರು ಬಾವಿದೊಡ್ಡಿ. ಈಗ ಇಲ್ಲ ಅತ್ತೆ."

"ಕಾನಕಾನಹಳ್ಳಿ ಬೋರ್ಡು ಯಾವ್ ಬಸ್ಸಿಗೈತೆ ಈಗ? ನಮ್ಮತ್ತೆ ರಾಜ ಬರ್ನಿಲ್ವಾ? ಹೇಳು ನೀನು."

ಹೇಳಿದಳು. ಬಾವಿದೊಡ್ಡಿಯ ದೊರೆ ಸೋತ ದಿನ ಅರಮನೆಗೆ ಬೆನ್ನು ಹಾಕಿ, ಜೋಡಿ ಹುಣಸೆಮರದ ಬುಡಕ್ಕೆ ಬಂದ. ಅಲ್ಲಿ ಕಲ್ಲುಕಟ್ಟೆಯ ಬಾವಿ, ಪಕ್ಕದಲ್ಲಿ ದನ ನೀರು ಕುಡಿಯುವ ಬಾನಿ. ಬಾನಿಯ ಅಂಚು ಒಂದು ಕಡೆ ಮುರಿದಿತ್ತು. ರಾಜ ನೀರು ಸೇದಿ ಹುಯ್ದ, ಕುದುರೆ ಕತ್ತು ಬಗ್ಗಿಸಿತು. ಇಷ್ಟು ಮಾತು ಅವಳು ಜನರೆದುರು ಎಂದೂ ಆಡಿದವಳಲ್ಲ. ಸುತ್ತಲಿನ ಹೆಂಗಸರ ಕೈಗಳು ಹುಳ ಬಿಡುತ್ತಲೇ ಇದ್ದವು.

"ಆಮೇಲೆ ರಾಜ ಕುದುರೆ ಹತ್ತಿ..."

"ತಾಳಮ್ಮಿ," ಎಂದಳು ಹಾಜಿರಾ. "ಆ ಬಾವಿ ನೀರು ಸೀನಾ, ಉಪ್ಪಾ?"

"ಸೀ."

"ಹಂಗಾರೆ ಏನವಸ್ರ? ಕುದ್ರೆ ಇನ್ನೊಸಿ ಕುಡೀಲಿ."

ಭಾನುಪ್ರಿಯ ಮೊದಲ ಸಲ ತಲೆಯೆತ್ತಿ ನಕ್ಕಳು. ರಾಜನ ಕೈಗೆ ಮತ್ತೆ ಹಗ್ಗ ಕೊಟ್ಟು, ಇನ್ನೊಂದು ಕೊಡ ಸೇದಿಸಿದಳು.