ಗಲಬರಿಸದ ಬಾಟಲಿ

೨೦೨೫ರ ಮೇ ೧೯, ಸೋಮವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟಿದ್ದ ಬಸ್ಸು ತೆರಕಣಾಂಬಿ ಇನ್ನೂ ಎಂಟು ಕಿಲೋಮೀಟರ್ ಇದೆ ಎನ್ನುವಲ್ಲಿ ಪಂಕ್ಚರಾಗಿ ನಿಂತಿತ್ತು. ಭಾನು ಕಿಟಕಿಯಿಂದ ಕತ್ತು ಹೊರಹಾಕಿ ಪಡುವಣದ ಕಡೆ ನೋಡಿದಳು. ಗೋಪಾಲಸ್ವಾಮಿ ಬೆಟ್ಟ ಕಾಣಲಿಲ್ಲ. ಅದಿರಬೇಕಾದ ಜಾಗದಲ್ಲಿ ಆಕಾಶಕ್ಕೆ ಮಸಿ ಬಳಿದಂತಿತ್ತು. ಆ ಮಸಿಯ ಕೆಳಗೇ ಅವಳ ಊರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅವಳ ಅವ್ವ ರಾಚಮ್ಮ.

"ಎಲ್ಲಿದ್ದೀಯಮ್ಮಿ? ಮೋಡ ಕಟ್ಕಂಡು ಬತ್ತಾದೆ. ಇನ್ನೊಂದು ಗಳ್ಗೆಗೆಲ್ಲ ಹುಯ್ದುಬುಡ್ತದೆ."

"ಬಸ್ಸು ಕೆಟ್ಟು ನಿಂತಿದೆ ಅವ್ವ. ನಾನು ಬರೋದ್ರೊಳಗೆ ನೀರು ಹರಿದು ಹೋಗಿರುತ್ತೆ. ನೀನೇ ಹಿಡೀಬೇಕು."

"ನಾನಾ?" ಎಂದಳು ರಾಚಮ್ಮ. ಆಮೇಲೆ, "ಆಯ್ತು ಬುಡು. ನಲವತ್ತು ವರ್ಷದಿಂದ ನೀರು ಹಿಡೀದೆ ಇನ್ನೇನು ಮಾಡಿವ್ನಿ?" ಎಂದಳು.

ಹಿಡಿಯಬೇಕಾಗಿದ್ದುದು ಮೋರಿಯಲ್ಲಿ ಹರಿಯುವ ಮಳೆನೀರು. ಅವರ ಊರಿನ ಮೇಲಣ ಬೋರೆಯ ದಿಣ್ಣೆಯಲ್ಲಿ ಖಾಸಗಿ ಸಂಸ್ಥೆಯೊಂದು ವಿಮಾನ ಹಾರಿಸುವುದನ್ನು ಕಲಿಸುವ ಸಣ್ಣ ನಿಲ್ದಾಣ ಕಟ್ಟಿ ಹತ್ತು ವರ್ಷವಾಗಿತ್ತು. ಈಗ ಓಡುಪಟ್ಟಿಯನ್ನು ಎರಡರಷ್ಟು ಉದ್ದ ಮಾಡಿ ದೊಡ್ಡ ವಿಮಾನ ಇಳಿಸುವ ಯೋಜನೆ. ಅಲ್ಲಿಯ ಮಳೆನೀರಿನ ಚರಂಡಿ ರಾಚಮ್ಮನ ಮನೆಯ ಪಕ್ಕದ ಮೋರಿಯಲ್ಲಿ ಹಾದು ಊರ ಕೆರೆಗೆ ಬೀಳುತ್ತಿತ್ತು. ಅರ್ಧ ಊರು ಕುಡಿಯುವ ನೀರು ಸೇದುವುದು ಆ ಕೆರೆಯ ಕೆಳಗಿನ ಬಾವಿಯಿಂದ. ಮೊದಲ ಮಳೆಗೆ ಮೋರಿಯಲ್ಲಿ ನವಿಲಿನ ಕತ್ತಿನ ಬಣ್ಣದ ಪೊರೆ ತೇಲಿಬರುತ್ತದೆ ಎಂದು ಊರವರು. ಅದು ಬರೀ ಮಳೆನೀರು ಎಂದು ಸಂಸ್ಥೆ. ಆಕ್ಷೇಪ ಆಲಿಸಲು ನೇಮಕವಾದ ಸಮಿತಿ ಒಂದು ಮಾತು ಹೇಳಿತ್ತು. ಹರಿವು ಶುರುವಾದ ಅರ್ಧ ಗಂಟೆಯೊಳಗೆ, ಎರಡೂ ಕಡೆಯವರ ಎದುರು ಹಿಡಿದ ನೀರನ್ನು ಮೈಸೂರಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ಎಣ್ಣೆಯ ಅಂಶ ಲೀಟರಿಗೆ ಹತ್ತು ಮಿಲಿಗ್ರಾಂ ಒಳಗಿದ್ದರೆ ಚರಂಡಿ ಈಗಿನಂತೆ ನೇರ ಕೆರೆಗೇ. ಹತ್ತು ದಾಟಿದರೆ, ಎಣ್ಣೆ ಬೇರ್ಪಡಿಸುವ ತೊಟ್ಟಿ ಕಟ್ಟಿ ಮುಗಿಸುವವರೆಗೆ ಓಡುಪಟ್ಟಿಯ ಕೆಲಸ ನಿಲ್ಲಬೇಕು. ವಿಚಾರಣೆ ಜೂನ್ ಒಂಬತ್ತಕ್ಕೆ.

ಗುಂಡ್ಲುಪೇಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ಭಾನುವಿಗೆ ಊರವರು ಈ ಕೆಲಸ ಒಪ್ಪಿಸಿದ್ದರು. ಅವಳು ಎರಡು ಬಾಟಲಿ ತೊಳೆದು, ಒಣಗಿಸಿ, ಚೀಟಿ ಅಂಟಿಸಿ ಬುಟ್ಟಿಯಲ್ಲಿಟ್ಟಿದ್ದಳು. ಈಗ ನಿಂತ ಬಸ್ಸಿನಿಂದ ಒಂದೊಂದೇ ಹೇಳಿದಳು. ಉಪ್ಪಿನ ಅಂಶ ನೋಡುವ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಚೆಲ್ಲಿ ಆಮೇಲೆ ತುಂಬು. ಎಣ್ಣೆ ನೋಡುವ ಗಾಜಿನದನ್ನು ಕತ್ತಿನವರೆಗೆ ತುಂಬು. ಗಡಿಯಾರ ನೋಡಿ ಗಂಟೆ ಬರೆಸು. ನಿಲ್ದಾಣದ ಮೇಲ್ವಿಚಾರಕ ರಂಗರಾಜು ಬರದೆ ನೀರು ಮುಟ್ಟಬೇಡ.

ಐದೂಮುಕ್ಕಾಲಿಗೆ ಅವಳು ನೆನೆದುಕೊಂಡು ಮನೆ ಮುಟ್ಟಿದಾಗ ರಾಚಮ್ಮ ಜಗುಲಿಯ ಮೇಲೆ, ಕವುಚಿದ ಬುಟ್ಟಿಯ ಪಕ್ಕ, ಕಾವು ಕೂತ ಕೋಳಿಯಂತೆ ಕೂತಿದ್ದಳು. ಬುಟ್ಟಿಯ ಕೆಳಗೆ ಎರಡು ಬಾಟಲಿ. ಚೀಟಿಯಲ್ಲಿ ರಂಗರಾಜುವಿನ ಸಹಿ; ಅವನು ಬರೆದ ಗಂಟೆ, ಮಳೆಹನಿ ಬಿದ್ದು ಕದಡಿದ್ದರೂ ಓದುವಂತಿತ್ತು: ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷ.

"ಪಾಪ, ಆವಪ್ಪನೂ ಕೊಡೆ ಹಿಡ್ಕಂಡು ನನ್ ತಲೆ ಮ್ಯಾಲೇ ನಿಂತಿದ್ದ," ಎಂದಳು ರಾಚಮ್ಮ. "ಅವ್ನ ಬೆನ್ನೆಲ್ಲ ತೊಪ್ಪೆ."

ಮೇ ೨೬ಕ್ಕೆ ಮೈಸೂರಿನಿಂದ ವರದಿ ಬಂತು. ಎಣ್ಣೆ ಲೀಟರಿಗೆ ನಲವತ್ತಮೂರು ಮಿಲಿಗ್ರಾಂ. ಹತ್ತು ಎಲ್ಲಿ, ನಲವತ್ತಮೂರು ಎಲ್ಲಿ! ಪಂಚಾಯಿತಿ ಸದಸ್ಯನಾಗಿದ್ದ ಭಾನುವಿನ ಸೋದರಮಾವ ಶಿವಸ್ವಾಮಿ ತೆರಕಣಾಂಬಿಯಿಂದ ಬಿಸಿ ಬೋಂಡ ಕಟ್ಟಿಸಿಕೊಂಡು ಬಂದ.

"ನಮ್ಮ ಭಾನು ಕೈಲಿ ಇಮಾನನೇ ನಿಂತೋಯ್ತಲ್ಲವ್ವ!"

"ಭಾನು ಒಬ್ಳೇ ಅನ್ಬ್ಯಾಡ ಕಣ್ಲಾ," ಎಂದಳು ರಾಚಮ್ಮ, ಬೋಂಡ ಮುರಿಯುತ್ತ. "ಎರಡು ಬಾಟ್ಲಿನೂ ಮೂರ್‌ಮೂರು ಸಲ ಗಲಬರಿಸಿ ಹಿಡ್ದಿವ್ನಿ. ಆ ರಂಗರಾಜಪ್ಪನೇ ನೋಡ್ಬುಟ್ಟು, ಭಾರಿ ಚೊಕ್ಕ ಬುಡವ್ವ ನೀನು ಅಂದ."

ಭಾನುವಿನ ಕೈಯಲ್ಲಿದ್ದ ಬೋಂಡ ಅರ್ಧ ದಾರಿಯಲ್ಲೇ ನಿಂತಿತು. "ಗಾಜಿಂದೂನಾ ಅವ್ವ?"

"ಇನ್ನೇನು? ಗಾಜಿಂದು ಅಂತ ಹಂಗೇ ತುಂಬಕಾದದಾ? ಗಲಬರಿಸ್ದೆ ಯಾವ ಹೆಂಗ್ಸು ನೀರು ತುಂಬ್ತಾಳಮ್ಮಿ?"

ಭಾನು ಎದ್ದು ಒಳಗಿನಿಂದ ಗಾಜಿನ ಲೋಟ, ಚೊಂಬಿನಲ್ಲಿ ನೀರು, ಕಡಲೆಕಾಯಿ ಎಣ್ಣೆ ತಂದಳು. ಚೊಂಬಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕಲಕಿದಳು. ಆ ನೀರನ್ನು ಲೋಟಕ್ಕೆ ಹಾಕಿ, ಗಲಬರಿಸಿ, ಚೆಲ್ಲಿದಳು. ಮತ್ತೆ ಹಾಕಿದಳು, ಚೆಲ್ಲಿದಳು. ಮೂರನೆಯ ಸಲ ಚೆಲ್ಲಿದ ಮೇಲೆ ಬರಿದಾದ ಲೋಟವನ್ನು ಅವ್ವನ ಕೈಗೆ ಕೊಟ್ಟಳು. ರಾಚಮ್ಮ ಒಳಮೈಗೆ ಬೆರಳಾಡಿಸಿದಳು. ಜಿಡ್ಡು.

"ನೀರು ಓಯ್ತು, ಎಣ್ಣೆ ಉಳ್ಕಂತು," ಎಂದಳು ತನಗೆ ತಾನೇ. ಆಮೇಲೆ ಮಗಳ ಮುಖ ನೋಡಿ, "ಮೈಸೂರ್ನೋರು ಈ ಗಾಜಿಗೆ ಅಂಟಿರೋದ್ನೂ ತೊಳ್ದು ಲೆಕ್ಕ ಹಿಡಿತಾರಾ?"

"ಹೂಂ ಅವ್ವ."

"ಹಂಗಾರೆ ಒಂದು ಸಲದ ನೀರು ಹಿಡ್ದು, ನಾಕು ಸಲದ ಎಣ್ಣೆ ಕಳಿಸ್ಬುಟ್ಟೆ."

ತಾನು ತರಗತಿಯಲ್ಲಿ ಅರ್ಧ ಗಂಟೆ ಹೇಳುತ್ತಿದ್ದುದನ್ನು ಅವ್ವ ಒಂದೇ ಉಸಿರಿನಲ್ಲಿ ಹೇಳಿದ್ದಳು. ಭಾನುವಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು. ಪ್ಲಾಸ್ಟಿಕ್ಕನ್ನು ಗಲಬರಿಸು ಎಂದಿದ್ದಳು; ಗಾಜನ್ನು ಗಲಬರಿಸಬೇಡ ಎಂದಿರಲಿಲ್ಲ. ಬಾಟಲಿ ತೊಳೆದ ದಿನಾಂಕವನ್ನೂ ಚೀಟಿಯಲ್ಲಿ ಬರೆದಿಟ್ಟವಳಿಗೆ ಆ ಒಂದು ಮಾತು ನೆನಪಾಗಿರಲಿಲ್ಲ.

ಶಿವಸ್ವಾಮಿ ಇಬ್ಬರನ್ನೂ ನೋಡಿದ. "ಈಗೇನಾಯ್ತು ಅಂತ? ನೋಡಿದ್ದೋನು ರಂಗರಾಜು. ಅವ್ನೇ ಚೊಕ್ಕ ಅಂದವ್ನೆ, ಸೈನೂ ಹಾಕವ್ನೆ. ಸುಮ್ಕಿದ್ಬುಟ್ರೆ ಯಾರ್ಗವ್ವ ಗೊತ್ತಾದದು?"

ಅದೇ ಯೋಚನೆ ಭಾನುವಿನ ತಲೆಯಲ್ಲೂ ಸುಳಿದಿತ್ತು. ನಲವತ್ತಮೂರರಲ್ಲಿ ನಿಜವಾದದ್ದು ಎಷ್ಟು? ಇಪ್ಪತ್ತಿರಬಹುದು. ಒಂಬತ್ತೂ ಇರಬಹುದು. ಒಂಬತ್ತಿದ್ದರೆ ಸುಮ್ಮನಿರುವುದೊಂದೇ ಕೆರೆಯನ್ನು ಉಳಿಸುತ್ತಿತ್ತು.

"ನಂಗೆ ಗೊತ್ತಾಯ್ತಲ್ಲ," ಎಂದಳು ರಾಚಮ್ಮ. "ನಾಳಿಕ್ಕೆ ಆ ರಂಗರಾಜಪ್ಪ ಮೋರಿತಾವ ಸಿಕ್ಕುದ್ರೆ ಏನವ್ವ ಅಂತ ಮಾತಾಡುಸ್ತಾನೆ. ಯಾವ ಮೊಕ ಇಟ್ಕಂಡು ಮಾತಾಡ್ಲಿ? ಬರಿಯಮ್ಮಿ ಕಾಗ್ದ."

ಭಾನು ಸಮಿತಿಗೆ ಪತ್ರ ಬರೆದು ಓದಿ ಹೇಳಿದಳು. ಸರಿಯಾದ ಸೂಚನೆ ಕೊಡದಿದ್ದುದು ನನ್ನ ತಪ್ಪು, ಈ ಅಂಕಿಯನ್ನು ಪರಿಗಣಿಸಬಾರದು ಎಂದಿತ್ತು.

"ನನ್ನೆಸ್ರು ಎಲ್ಲಿ?"

"ನಿನ್ನ ತಪ್ಪೇನಿದೆ ಅವ್ವ? ಹೇಳ್ದೆ ಇದ್ದದ್ದು ನಾನು."

"ಗಲಬರಿಸಿದ್ದು ನಾನು. ನಲವತ್ತಮೂರು ಬಂದಾಗ ನಂದು ಅಂತ ಜಂಬ ಕೊಚ್ಕಂಡು, ತಪ್ಪಿಗೆ ಮಗಳ ಹಿಂದೆ ಬಚ್ಚಿಟ್ಕಳನಾ? ಹಾಕು ಹೆಸ್ರ."

ಹತ್ತು ನಿಮಿಷ ಜಗಳವಾಡಿ ಇಬ್ಬರ ಹೆಸರೂ ಬಿತ್ತು. ರಾಚಮ್ಮ ತಿಣುಕಿ ತಿಣುಕಿ ಸಹಿ ಹಾಕಿ, ಅದನ್ನು ದೂರ ಹಿಡಿದು ನೋಡಿ, ಪರವಾಗಿಲ್ಲ ಎಂಬಂತೆ ತಲೆ ಆಡಿಸಿದಳು.

ಸಮಿತಿಯ ಉತ್ತರ ಮೂರು ಸಾಲಿನದು. ಹಳೆಯ ಅಂಕಿ ಕೈಬಿಡಲಾಗಿದೆ. ವಿಚಾರಣೆಯ ದಿನ ಬದಲಾಗದು. ಅಷ್ಟರೊಳಗೆ ಮಳೆ ಬಂದರೆ ಮತ್ತೆ ಹಿಡಿಯಬಹುದು.

ಮಳೆ ಬರಲಿಲ್ಲ. ಮೇ ಮುಗಿಯಿತು. ದಿನಾ ಮಧ್ಯಾಹ್ನ ಮೋಡ ಕಟ್ಟುವುದು, ಕೇರಳದ ಕಡೆ ಗುಡುಗುವುದು, ಸಂಜೆಗೆ ಚದುರುವುದು. ಎದುರಾದವರೆಲ್ಲ ಶಿವಸ್ವಾಮಿಯನ್ನು ಕೇಳುವವರೇ: "ಏನ್ಲಾ, ನಿಮ್ಮಕ್ಕನ ಚೊಕ್ಕತನದಲ್ಲಿ ಕೆರೆನೇ ತೊಳ್ದೋಯ್ತಂತೆ?" ರಾಚಮ್ಮ ಮಾತ್ರ ಮೋರಿಯ ಕಲ್ಲಿನ ಮೇಲೆ ಕೂತು ಬಟಾಣಿ ಮೆಲ್ಲುತ್ತ ಪಡುವಣ ನೋಡುತ್ತಿದ್ದಳು.

ಜೂನ್ ೩, ಮಂಗಳವಾರ, ಸಂಜೆ ಐದಕ್ಕೆ ಮಳೆ ಬಂತು. ಬಂದದ್ದು ಬಿಂದಿಗೆ ಬೋರಲು ಹಾಕಿದಂತೆ. ಭಾನು ಮನೆಯಲ್ಲೇ ಇದ್ದಳು. ರಂಗರಾಜು ಸ್ಕೂಟರಿನಲ್ಲಿ ಬಂದಿಳಿದ.

"ರಾಚಮ್ಮೋರೆ, ನೋಡ್ಕಂಡು ಸುಮ್ನಿದ್ದೆ ಅಂತ ನಂಗೂ ಆಫೀಸಲ್ಲಿ ಬೈಸಿಬುಟ್ರಲ್ಲ! ಇವತ್ತು ಚೊಕ್ಕಗಿಕ್ಕ ಮಾಡ್ಬ್ಯಾಡಿ."

"ಕೊಡೆ ನೆಟ್ಟಗೆ ಹಿಡಿಯಪ್ಪ ನೀನು," ಎಂದಳು ರಾಚಮ್ಮ.

ಭಾನು ಬಾಟಲಿಗೆ ಕೈ ಹಾಕಿದಳು. ರಾಚಮ್ಮ ಅದನ್ನು ಕಿತ್ತುಕೊಂಡಳು. "ತಪ್ಪು ಮಾಡಿ ಕಲ್ತದ್ದು ನಾನು. ಕೊಡಿಲ್ಲಿ."

ಸೀರೆ ಎತ್ತಿ ಸಿಕ್ಕಿಸಿ ಮೋರಿಗಿಳಿದಳು. ಕೆಂಪು ನೀರು ಮೊಣಕಾಲು ತಬ್ಬಿತು. ಅದರ ಮೇಲೆ ಆ ನವಿಲಬಣ್ಣ. ಬಾಟಲಿ ಮುಳುಗಿಸಿದಳು. ಕತ್ತಿನವರೆಗೆ ತುಂಬಿದ್ದೇ ತಡ, ನಲವತ್ತು ವರ್ಷದ ಮಣಿಕಟ್ಟು ತಾನಾಗಿ ತಿರುಗಲು ಹೊರಟಿತು. ಭಾನು ಬಾಯಿ ತೆರೆದಳು. ಅಷ್ಟರಲ್ಲಿ ರಾಚಮ್ಮನೇ ಎಡಗೈಯಿಂದ ಬಲಗೈ ಹಿಡಿದಿದ್ದಳು.

"ಬ್ಯಾಡ ಸುಮ್ಕಿರು," ಎಂದು ಕೈಯನ್ನು ಗದರಿ, ಮುಚ್ಚಳ ಬಿಗಿದು ಮಗಳಿಗೆ ಕೊಟ್ಟಳು. ಐದು ಗಂಟೆ ಹದಿನೆಂಟು ನಿಮಿಷ. ಮೂವರ ಸಹಿ.

ಜೂನ್ ೯ರ ಬೆಳಿಗ್ಗೆ ಗುಂಡ್ಲುಪೇಟೆಯ ಸಭಾಂಗಣದಲ್ಲಿ ರಾಚಮ್ಮ ಹಸಿರು ಅಂಚಿನ ಸೀರೆಯುಟ್ಟು ಮಗಳ ಪಕ್ಕ ಕೂತಿದ್ದಳು. ಆ ಪಕ್ಕ ರಂಗರಾಜು. ಸಮಿತಿಯ ಹಿರಿಯರು ಮೈಸೂರಿನ ಲಕೋಟೆಯ ಅರಗು ಒಡೆದು, ಕನ್ನಡಕ ಸರಿಮಾಡಿಕೊಂಡು ಹಾಳೆಯ ಮೇಲೆ ಕಣ್ಣಾಡಿಸಿದರು. ರಾಚಮ್ಮನ ಬಲಗೈ ಭಾನುವಿನ ಕೈಯೊಳಗೆ ಬಂದು ಕೂತಿತು. ಭಾನು ಗಟ್ಟಿಯಾಗಿ ಹಿಡಿದುಕೊಂಡಳು.

ಹಿರಿಯರು ಓದಿದರು. ಮಾದರಿ ಸಂಖ್ಯೆ ಎರಡು. ಹಿಡಿದವರು ರಾಚಮ್ಮ. ಬಾಟಲಿ ಗಲಬರಿಸಿಲ್ಲ. ಎಣ್ಣೆಯ ಅಂಶ, ಲೀಟರಿಗೆ ೧೭.೬ ಮಿಲಿಗ್ರಾಂ.